ಅಟ್ಟದಲ್ಲಿ ಗೂಬೆ ಮರಿ ಮಾಡಿದೆ, ಮನೆ ಬಿಡಬೇಕೆ?

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಾಡಹೆಂಚಿನ ಹಳೆಯ ತೊಟ್ಟಿಮನೆ, ಸುತ್ತಲೂ ಗದ್ದೆ. ಮೂರು ವಾರಗಳಿಂದ ಕತ್ತಲಾದ ಕೂಡಲೇ ಅಟ್ಟದಿಂದ ಬುಸುಗುಟ್ಟುವ ಸದ್ದು ಬರುತ್ತಿದೆ. ಕೆಲವೊಮ್ಮೆ ಯಾರೋ ಗೊರಕೆ ಹೊಡೆದಂತೆಯೂ ಕೇಳುತ್ತದೆ. ಹಾವೆಂದುಕೊಂಡು ಹಾವು ಹಿಡಿಯುವವರನ್ನು ಕರೆಸಿದೆವು, ಹಾವು ಸಿಗಲಿಲ್ಲ. ಮಗ ಏಣಿ ಹಾಕಿ ಮೊಬೈಲಿನ ಟಾರ್ಚ್ ಬಿಟ್ಟು ನೋಡಿದರೆ ಮೂಲೆಯಲ್ಲಿ ಕೊಳಕು ಹತ್ತಿಯುಂಡೆಗಳಂತಹ ನಾಲ್ಕು ಮರಿಗಳು. ಒಂದು ದೊಡ್ಡದು, ಒಂದು ತೀರಾ ಚಿಕ್ಕದು. ದೊಡ್ಡದರ ಮುಖ ಅರಳಿ ಎಲೆಯಂತಿದೆಯಂತೆ. ಬೆಳಿಗ್ಗೆ ಜಗಲಿಯ ಮೇಲೆ ಕೂದಲು ಮತ್ತು ಮೂಳೆ ಸೇರಿದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಪಕ್ಕದ ಮನೆಯವರು ಅದನ್ನು ಮಾಟ ಎನ್ನುತ್ತಾರೆ. ಗೂಬೆ ಹೊಕ್ಕ ಮನೆಯನ್ನು ಆರು ತಿಂಗಳು ಬಿಡಲೇಬೇಕೆಂದು ನಮ್ಮ ಅತ್ತೆಯವರ ಹಟ. ಮಾವನವರು ಲಕ್ವ ಹೊಡೆದು ಹಾಸಿಗೆ ಹಿಡಿದು ಒಂದು ವರ್ಷವಾಯಿತು. ಮಗಳು ಚೊಚ್ಚಲ ಹೆರಿಗೆಗೆ ಮುಂದಿನ ತಿಂಗಳು ಬರುತ್ತಾಳೆ. ಇದರ ನಡುವೆ ಬೈಕಿನಲ್ಲಿ ಬಂದ ಯಾರೋ ಒಬ್ಬ, ದೊಡ್ಡ ಗೂಬೆಯನ್ನು ಹಿಡಿದುಕೊಟ್ಟರೆ ಒಳ್ಳೆಯ ದುಡ್ಡು ಕೊಡುತ್ತೇನೆಂದು ಹೇಳಿ ಹೋಗಿದ್ದಾನೆ. ಹೊಗೆ ಹಾಕಿ ಓಡಿಸೋಣವೇ, ಪಾಷಾಣ ಇಡೋಣವೇ, ಅಥವಾ ನಾವೇ ಮನೆ ಬಿಡೋಣವೇ?
(ಹೆಸರು ಬೇಡವೆಂದಿರುವ ಓದುಗರು)

ಉತ್ತರ: ನೀವು ಮನೆ ಬಿಡಬೇಕಾಗಿಲ್ಲ, ಹೊಗೆಯನ್ನೂ ಪಾಷಾಣವನ್ನೂ ಇಡಬೇಕಾಗಿಲ್ಲ. ನಿಮ್ಮ ಮಗ ಕಂಡ ಅರಳಿ ಎಲೆಯಂತಹ ಮುಖವೊಂದೇ ಸಾಕು, ನಿಮ್ಮ ಅಟ್ಟದಲ್ಲಿರುವುದು ಕಣಜ ಗೂಬೆಯ ಸಂಸಾರವೆಂದು ಹೇಳಲು. ಈ ಹಕ್ಕಿ ಮೊಟ್ಟೆಗೆ ಕಾವು ಕೊಡುವುದು ಸುಮಾರು ಒಂದು ತಿಂಗಳು. ಅರಳಿ ಎಲೆಯಂತಹ ಮುಖ ಮೂಡಿದ ಮರಿಗೆ ಈಗ ಸುಮಾರು ನಾಲ್ಕು ವಾರ. ಅಂದರೆ ತಾಯಿ ನಿಮ್ಮ ಅಟ್ಟದಲ್ಲಿ ಮೊಟ್ಟೆಯಿಟ್ಟು ಎರಡು ತಿಂಗಳಾಗಿರಬೇಕು. ಮಾವನವರು ಹಾಸಿಗೆ ಹಿಡಿದು ವರ್ಷವಾಯಿತೆಂದು ನೀವೇ ಬರೆದಿದ್ದೀರಿ. ಮನೆಯಲ್ಲಿ ಕಾಯಿಲೆ, ಹೆರಿಗೆಯ ಆತಂಕ ಮತ್ತು ಅಟ್ಟದ ಸದ್ದು ಒಂದೇ ಹೊತ್ತಿಗೆ ಕೂಡಿದಾಗ ಅವುಗಳಿಗೆಲ್ಲ ಒಂದೇ ಕಾರಣವಿರಬೇಕು ಎಂದು ತೋರುವುದು ಸಹಜ. ಆದರೆ ತಿಂಗಳುಗಳ ಲೆಕ್ಕ ಹಾಕಿದರೆ ಗೂಬೆಯ ಮೇಲೆಯೇ ಗೂಬೆ ಕೂರಿಸಿದಂತಾಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಸದ್ದಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಬರುವ ಕರೆಗಳಲ್ಲಿ ಅರ್ಧದಷ್ಟು ಇದರಿಂದಲೇ ಶುರುವಾಗುತ್ತವೆ. ಗೂಬೆ ಎಂದರೆ "ಗೂಕ್ ಗೂಕ್" ಎನ್ನಬೇಕು ಎಂಬ ಎಣಿಕೆ ನಮ್ಮದು. ಕಣಜ ಗೂಬೆ ಹಾಗೆ ಕೂಗುವುದೇ ಇಲ್ಲ. ದೊಡ್ಡ ಹಕ್ಕಿ ಹಾರುತ್ತಾ ಬಟ್ಟೆ ಹರಿದಂತೆ ಕರ್ಕಶವಾಗಿ ಕಿರುಚುತ್ತದೆ, ಮರಿಗಳು ಹಸಿದಾಗ ಗೊರಕೆಯಂತಹ ಉಸಿರುಸದ್ದನ್ನು ರಾತ್ರಿಯಿಡೀ ಮಾಡುತ್ತವೆ. ಅದು ಅವುಗಳ "ಊಟ ಕೊಡು" ಎಂಬ ಮಾತು. ಯಾರಾದರೂ ಹತ್ತಿರ ಹೋದರೆ ಅದೇ ಸದ್ದು ಜೋರಾದ ಬುಸುಗುಟ್ಟುವಿಕೆಯಾಗುತ್ತದೆ, ಜೊತೆಗೆ ತಲೆ ತಗ್ಗಿಸಿ ಅತ್ತಿಂದಿತ್ತ ತೂಗುತ್ತಾ ಕೊಕ್ಕಿನಿಂದ ಟಕ್ ಟಕ್ ಎನಿಸುತ್ತವೆ. ಹಾವು, ಹಕ್ಕಿಗಳನ್ನು ಕಾಪಾಡುವ ಈ ಕೆಲಸಕ್ಕೆ ಹೊಸದಾಗಿ ಬಂದಿದ್ದಾಗ ನಾನೂ ಒಂದು ಶಾಲೆಯ ಚಾವಣಿಯೊಳಕ್ಕೆ ಹಾವಿನ ಕೋಲು ಹಿಡಿದು ತೆವಳಿಕೊಂಡು ಹೋಗಿದ್ದೆ. ಟಾರ್ಚಿನ ಬೆಳಕಿಗೆ ಎದುರಾದದ್ದು ಐದು ಮುದುಕರಂತಹ ಮುಖಗಳು. ಐದೂ ಒಟ್ಟಿಗೆ ತೂಗುತ್ತಿದ್ದವು. ಹೊರಗೆ ಬಂದು ಮುಖ್ಯೋಪಾಧ್ಯಾಯರಿಗೆ ವಿಷಯ ಹೇಳಿದಾಗ, ಹಾವಾಗಿದ್ದರೇ ವಾಸಿಯಿತ್ತಲ್ಲಾ ಎಂದುಬಿಟ್ಟರು.

ಮರಿಗಳ ಗಾತ್ರ ಬೇರೆ ಬೇರೆಯಾಗಿರುವುದಕ್ಕೂ ಸರಳವಾದ ಕಾರಣವಿದೆ. ತಾಯಿ ಎರಡು ಮೂರು ದಿನಗಳಿಗೊಂದರಂತೆ ಮೊಟ್ಟೆಯಿಡುತ್ತದೆ, ಆದರೆ ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುತ್ತದೆ. ಹಾಗಾಗಿ ಮೊದಲನೆಯ ಮರಿಗೂ ಕೊನೆಯದಕ್ಕೂ ವಾರಕ್ಕಿಂತ ಹೆಚ್ಚಿನ ಅಂತರ ಬೀಳುತ್ತದೆ. ಇಲಿ ಹೇರಳವಾಗಿದ್ದರೆ ಎಲ್ಲವೂ ಬದುಕುತ್ತವೆ. ಬೇಟೆ ಕಡಿಮೆಯಾದರೆ ಚಿಕ್ಕದು ಉಳಿಯುವುದಿಲ್ಲ. ಇನ್ನು ಕೆಲವು ದಿನಗಳಲ್ಲಿ ನಾಲ್ಕು ಮೂರಾದರೆ ಅದನ್ನು ಯಾರೂ ಇನ್ನೊಂದು ಅಪಶಕುನವೆಂದು ಎಣಿಸಬಾರದೆಂದು ಈಗಲೇ ಬರೆಯುತ್ತಿದ್ದೇನೆ.

ಜಗಲಿಯ ಮೇಲಿನ ಕಪ್ಪು ಉಂಡೆ ಮಾಟವಲ್ಲ, ಗೂಬೆಯ ಊಟದ ಲೆಕ್ಕದ ಪುಸ್ತಕ. ಗೂಬೆ ಇಲಿಯನ್ನು ಹೆಚ್ಚಾಗಿ ಇಡಿಯಾಗಿಯೇ ನುಂಗುತ್ತದೆ. ಮಾಂಸ ಕರಗುತ್ತದೆ; ಕೂದಲು ಮತ್ತು ಮೂಳೆ ಕರಗದೆ ಹೊಟ್ಟೆಯಲ್ಲೇ ಉಂಡೆಯಾಗುತ್ತವೆ, ಕೆಲವು ಗಂಟೆಗಳ ನಂತರ ಹಕ್ಕಿ ಅದನ್ನು ಬಾಯಿಂದ ಕಕ್ಕುತ್ತದೆ. ಹಕ್ಕಿ ನೋಡುವವರು ಇದನ್ನು ಪೆಲೆಟ್ ಎನ್ನುತ್ತಾರೆ. ಹೆಬ್ಬೆರಳಿನಷ್ಟು ಗಾತ್ರ, ಹಸಿಯಿದ್ದಾಗ ಅರಗು ಬಳಿದಂತೆ ಹೊಳಪು, ಒಣಗಿದ ಮೇಲೆ ಬೂದುಬಣ್ಣ. ಒಮ್ಮೆ ಕೈಗವಸು ಹಾಕಿಕೊಂಡು ಒಂದು ಉಂಡೆಯನ್ನು ಹಳೆಯ ತಟ್ಟೆಯಲ್ಲಿಟ್ಟು ಬಿಸಿನೀರು ಹೊಯ್ದು ಅರ್ಧ ಗಂಟೆ ಬಿಡಿ, ಆಮೇಲೆ ಎರಡು ಕಡ್ಡಿಗಳಿಂದ ಬಿಡಿಸಿ. ಒದ್ದೆ ಉಣ್ಣೆಯಂತಹ ಕೂದಲು ಸರಿದ ಮೇಲೆ ಅಕ್ಕಿಕಾಳಿನಂತಹ ಬೆನ್ನೆಲುಬಿನ ಮಣಿಗಳು, ಸೂಜಿಯಷ್ಟು ತೆಳ್ಳಗಿನ ಪಕ್ಕೆಲುಬುಗಳು, ಕೊನೆಗೆ ಇಡಿಯಾದ ತಲೆಬುರುಡೆ ಸಿಗುತ್ತದೆ. ಮುಂದಿನ ಹಲ್ಲು ಉದ್ದವಾಗಿ, ಬಾಗಿ, ಕಿತ್ತಳೆ ಬಣ್ಣಕ್ಕಿದ್ದರೆ ಅದು ಇಲಿ. ಬುರುಡೆ ಚೂಪಾಗಿ, ಬಿಳಿಯ ಸಣ್ಣ ಮುಳ್ಳಿನಂತಹ ಹಲ್ಲುಗಳಿದ್ದರೆ ಸುಂಡಿಲಿ. ಒಂದೇ ಉಂಡೆಯಲ್ಲಿ ಮೂರು ನಾಲ್ಕು ಬುರುಡೆಗಳು ಸಿಕ್ಕಿದ್ದನ್ನು ನಾನೇ ಬಿಡಿಸಿ ನೋಡಿದ್ದೇನೆ. ಇದನ್ನು ನಿಮ್ಮ ಅತ್ತೆಯವರ ಎದುರಿಗೇ ಬಿಡಿಸುವುದು ಒಳ್ಳೆಯದು. ಮಾಟ ಮಾಡುವವನು ಇಲಿಯ ಪಕ್ಕೆಲುಬುಗಳನ್ನು ಇಷ್ಟು ಶ್ರದ್ಧೆಯಿಂದ ಪೋಣಿಸುವುದಿಲ್ಲ ಎಂಬುದು ಅವರಿಗೂ ಕಾಣುತ್ತದೆ. ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳುವುದನ್ನು ಮರೆಯಬೇಡಿ.

ಊರಿನಲ್ಲಿ ಇಷ್ಟು ಮನೆಗಳಿರುವಾಗ ನಿಮ್ಮ ಮನೆಯೇ ಏಕೆ ಎಂದು ನೀವು ಬರೆದಿಲ್ಲವಾದರೂ ಆ ಪ್ರಶ್ನೆ ಪತ್ರದುದ್ದಕ್ಕೂ ಇದೆ. ಕಣಜ ಗೂಬೆ ಗೂಡು ಕಟ್ಟುವ ಹಕ್ಕಿಯಲ್ಲ. ಸಿಕ್ಕ ಕತ್ತಲ ಮೂಲೆಯಲ್ಲಿ, ತಾನೇ ಕಕ್ಕಿದ ಉಂಡೆಗಳು ಪುಡಿಯಾದ ಹಾಸಿನ ಮೇಲೆ ಮೊಟ್ಟೆಯಿಡುತ್ತದೆ. ಅದಕ್ಕೆ ಬೇಕಾದದ್ದು ದೊಡ್ಡ ಮರದ ಪೊಟರೆ. ಗದ್ದೆಬಯಲಿನಲ್ಲಿ ಅಂತಹ ಹಳೆಯ ಮರಗಳು ಈಗ ಎಲ್ಲಿವೆ? ಉಳಿದದ್ದು ಪಾಳುಬಿದ್ದ ಕೋಟೆ, ಹಳೆಯ ದೇವಸ್ಥಾನದ ಗೋಪುರ, ನಿಮ್ಮಂತಹವರ ಅಟ್ಟ. ಹೆಂಚು ಸರಿದ ಕಂಡಿಯೋ ಜಾಲರಿ ಕಿತ್ತುಹೋದ ಬೆಳಕಿಂಡಿಯೋ ಅದಕ್ಕೆ ಹೆಬ್ಬಾಗಿಲು. ಅಟ್ಟಕ್ಕೆ ಜನ ಹತ್ತುವುದನ್ನು ಬಿಟ್ಟು ಎಷ್ಟು ವರ್ಷವಾಯಿತೆಂದು ನೆನಪಿಸಿಕೊಳ್ಳಿ. ಜೊತೆಗೆ ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಗೂಬೆ. ಕಣಜ ಗೂಬೆ ಎಂಬ ಹೆಸರೇ ಈ ನಂಟನ್ನು ಹೇಳುತ್ತದೆ. ಅದರ ಎರಡು ಕಿವಿಗಳು ತಲೆಯ ಎರಡು ಬದಿಗಳಲ್ಲಿ ಒಂದು ತುಸು ಮೇಲೆ, ಒಂದು ತುಸು ಕೆಳಗೆ ಇರುವುದರಿಂದ ಕಗ್ಗತ್ತಲಲ್ಲಿ ಹುಲ್ಲಿನಡಿ ಇಲಿ ಸರಿದ ಸದ್ದು ಯಾವ ದಿಕ್ಕಿನಿಂದ, ಎಷ್ಟು ಎತ್ತರದಿಂದ ಬಂತೆಂದು ಅದು ಅಳೆಯಬಲ್ಲದು. ರೆಕ್ಕೆಯ ಮುಂದಿನ ಗರಿಯ ಅಂಚಿನಲ್ಲಿ ಬಾಚಣಿಗೆಯಂತಹ ಹಲ್ಲುಗಳಿರುವುದರಿಂದ, ಗರಿಗಳ ಮೈ ಮಖಮಲ್ಲಿನಂತಿರುವುದರಿಂದ ಹಾರುವಾಗ ಸದ್ದೇ ಬರುವುದಿಲ್ಲ. ಒಂದು ದೊಡ್ಡ ಹಕ್ಕಿಗೇ ರಾತ್ರಿಗೆ ಎರಡು ಮೂರು ಇಲಿ ಬೇಕು. ಬೆಳೆಯುವ ನಾಲ್ಕು ಮರಿಗಳಿದ್ದರೆ ಲೆಕ್ಕ ನೀವೇ ಹಾಕಬಹುದು. ಮಲೇಷ್ಯಾದ ತಾಳೆ ತೋಟಗಳಲ್ಲಿ, ಇಸ್ರೇಲಿನ ಹೊಲಗಳಲ್ಲಿ ಇದೇ ಹಕ್ಕಿಗೆಂದು ಮರದ ಪೆಟ್ಟಿಗೆಗಳನ್ನು ನಿಲ್ಲಿಸಿ, ಬಂದು ನೆಲೆಸಲೆಂದು ಕಾಯುತ್ತಾರೆ.

ಗೂಬೆ ಬಂದರೆ ಮನೆ ಹಾಳು ಎಂಬ ನಂಬಿಕೆಯನ್ನು ನಾನು ಹಂಗಿಸಲಾರೆ, ಏಕೆಂದರೆ ಅದರ ಹಿಂದೆ ನಿಜವಾಗಿ ಕಂಡದ್ದೊಂದಿದೆ; ಹಿಂದುಮುಂದಾಗಿ ಅರ್ಥ ಮಾಡಿಕೊಂಡದ್ದಷ್ಟೇ ತಪ್ಪು. ಹಾಳುಬಿದ್ದ ಮನೆಗಳಲ್ಲಿ ಗೂಬೆ ಇರುವುದನ್ನು ನಮ್ಮ ಹಿರಿಯರು ಕಂಡರು. ಮನೆ ಹಾಳಾದ ಮೇಲೆ ಗೂಬೆ ಬಂದಿತ್ತು, ಗೂಬೆ ಬಂದ ಮೇಲೆ ಮನೆ ಹಾಳಾಗಿರಲಿಲ್ಲ. ಕಾಯಿಲೆಯವರ ಮನೆಯ ಹತ್ತಿರ ಗೂಬೆ ಕೂಗಿದರೆ ಸಾವು ಎನ್ನುವುದಕ್ಕೂ ನನಗೆ ತೋರುವ ಕಾರಣ ಹೀಗಿದೆ: ಕಾಯಿಲೆಯವರಿದ್ದ ಮನೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿತ್ತು, ದೀಪಕ್ಕೆ ಹುಳುಗಳು ಬರುತ್ತಿದ್ದವು, ಹುಳುಗಳಿಗೆ ಹಾಲಕ್ಕಿಯಂತಹ ಸಣ್ಣ ಗೂಬೆಗಳು ಬರುತ್ತಿದ್ದವು, ಬೇರೆ ಮನೆಗಳವರು ನಿದ್ದೆಯಲ್ಲಿದ್ದಾಗ ಎಚ್ಚರವಿದ್ದು ಆ ಕೂಗನ್ನು ಕೇಳಿಸಿಕೊಳ್ಳುತ್ತಿದ್ದವರು ಈ ಮನೆಯವರೇ. ಅದೇ ಹಾಲಕ್ಕಿಯ ನುಡಿಯನ್ನು ಶುಭವೆಂದು ಸಾರುತ್ತಾ ಬುಡಬುಡಿಕೆಯವರು ನಸುಕಿನಲ್ಲಿ ಬಂದರೆ ನಾವು ಮೊರದಲ್ಲಿ ಅಕ್ಕಿ ತಂದು ಹಾಕುತ್ತೇವೆ. ಬಂಗಾಳದಲ್ಲಂತೂ ನಿಮ್ಮ ಅಟ್ಟದಲ್ಲಿರುವ ಈ ಬಿಳಿಮುಖದ ಗೂಬೆಯೇ ಲಕ್ಷ್ಮಿಯ ವಾಹನ. ಮನೆಗೆ ಬಂದರೆ ಹರ್ಷಪಡುತ್ತಾರೆ. ಒಂದೇ ಹಕ್ಕಿ ಒಂದೂರಿನಲ್ಲಿ ಲಕ್ಷ್ಮಿಯನ್ನು ತಂದು ಇನ್ನೊಂದೂರಿನಲ್ಲಿ ಅವಳನ್ನು ಓಡಿಸುವುದು ಸಾಧ್ಯವಿಲ್ಲ.

ಮಗುವಿನ ವಿಷಯದಲ್ಲಿ ಮಾತ್ರ ನಿಮ್ಮ ಆತಂಕಕ್ಕೆ ಅರ್ಥವಿದೆ, ಆದರೆ ಅದು ನೀವು ಅಂದುಕೊಂಡಂತಹದ್ದಲ್ಲ. ಅರ್ಧ ಕಿಲೋ ಆಸುಪಾಸು ತೂಗುವ ಈ ಹಕ್ಕಿ ಎಳೆಗೂಸಿನ ತಂಟೆಗೆ ಬರುವುದಿಲ್ಲ, ಮನುಷ್ಯರಿರುವ ಕೋಣೆಗೆ ಇಳಿಯುವುದೂ ಇಲ್ಲ. ನಿಜವಾದ ತೊಂದರೆ ಹಿಕ್ಕೆ ಮತ್ತು ದೂಳು. ಯಾವುದೇ ಹಕ್ಕಿಯ ಅಥವಾ ಬಾವಲಿಯ ಒಣಗಿದ ಹಿಕ್ಕೆಯ ರಾಶಿಯಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಶಿಲೀಂಧ್ರ ಬೆಳೆಯಬಹುದು. ಬಾಣಂತಿ, ಎಳೆಗೂಸು ಮತ್ತು ವರ್ಷದಿಂದ ಹಾಸಿಗೆಯಲ್ಲಿರುವ ಹಿರಿಯರು ಅಂತಹ ದೂಳನ್ನು ಉಸಿರಾಡಬಾರದು. ಆದ್ದರಿಂದ ಗೂಡಿರುವ ಮೂಲೆಯ ಕೆಳಗಿನ ಕೋಣೆಯನ್ನು ಮಲಗಲು ಬಳಸಬೇಡಿ, ಮಾವನವರ ಮಂಚ ಅಲ್ಲಿದ್ದರೆ ಈಗಲೇ ಬೇರೆ ಕೋಣೆಗೆ ಸಾಗಿಸಿ. ಗೂಡಿನ ಕೆಳಗಿನ ಕೋಣೆಗೆ ಹಳೆಯ ಮನೆಗಳಲ್ಲಿ ಕಟ್ಟುತ್ತಿದ್ದಂತೆ ಒಂದು ಬಟ್ಟೆಯ ಮೇಲ್ಕಟ್ಟು ಕಟ್ಟಿಸಿ. ಅಟ್ಟದ ಹಲಗೆಗಳ ಸಂದಿನಿಂದ ಉದುರುವುದೆಲ್ಲ ಬಟ್ಟೆಯ ಮೇಲೆ ನಿಲ್ಲುತ್ತದೆ. ಜಗಲಿಯನ್ನು ಒಣಗಿದ್ದಂತೆಯೇ ಗುಡಿಸದೆ, ಮೊದಲು ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ತೆಗೆಯಿರಿ. ತುಸು ನಾತ ಬರುತ್ತದೆ, ನೊಣವೂ ಬರುತ್ತದೆ. ಅದನ್ನು ಮುಚ್ಚಿಟ್ಟು, ಏನೂ ತೊಂದರೆಯಿಲ್ಲ ಎಂದು ನಾನು ಹೇಳಿದರೆ ನೀವು ಉಳಿದ ಮಾತನ್ನೂ ನಂಬಲಾರಿರಿ.

ಈಗ ದಾರಿಗಳು. ನಾನು ಹೇಳುವುದು ಕಾಯುವ ದಾರಿಯನ್ನೇ. ಕಣಜ ಗೂಬೆಯ ಮರಿ ಎಂಟು ಒಂಬತ್ತು ವಾರಕ್ಕೆ ಹಾರುತ್ತದೆ. ದೊಡ್ಡದಕ್ಕೆ ಇನ್ನು ನಾಲ್ಕೈದು ವಾರ, ಚಿಕ್ಕದಕ್ಕೆ ಅದರ ಮೇಲೆ ಹತ್ತು ದಿನ ಹಿಡಿಯಿರಿ. ಹಾರಿದ ನಂತರವೂ ಕೆಲವು ವಾರ ಹಗಲು ಮಲಗಲು, ತುತ್ತು ಪಡೆಯಲು ಅಟ್ಟಕ್ಕೇ ಮರಳುತ್ತವೆ. ಒಟ್ಟು ಎರಡು ತಿಂಗಳಿಗೆ ತುಸು ಹೆಚ್ಚು. ನಿಮ್ಮ ಮಗಳು ಬಂದಾಗ ಮರಿಗಳು ಇನ್ನೂ ಇರುತ್ತವೆ, ಹೆರಿಗೆಯ ಹೊತ್ತಿಗೆ ಬಹುಶಃ ಹೊರಡುವ ಹವಣಿಕೆಯಲ್ಲಿರುತ್ತವೆ. ಮೇಲೆ ಹೇಳಿದ ಎಚ್ಚರಿಕೆಗಳೊಂದಿಗೆ ಈ ಅವಧಿಯನ್ನು ಕಳೆಯಬಹುದು. ಅದು ಸಾಧ್ಯವೇ ಇಲ್ಲದಿದ್ದರೆ, ಉದಾಹರಣೆಗೆ ಚಾವಣಿಯೇ ಕುಸಿಯುವಂತಿದ್ದರೆ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಅವರ ಕಡೆಯಿಂದ ಬಂದವರು ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಅಲ್ಲೇ ಹತ್ತಿರದಲ್ಲಿ ಎತ್ತರಕ್ಕೆ ಕಟ್ಟಬಹುದು. ಆದರೆ ತಂದೆತಾಯಿ ಹೊಸ ಜಾಗವನ್ನು ಗುರುತಿಸದೆ ಹೋದರೆ ನಾಲ್ಕೂ ಮರಿಗಳು ಹಸಿವಿನಿಂದ ಸಾಯುತ್ತವೆ. ಹಾಗೆ ಆದದ್ದನ್ನು ಕಂಡಿರುವುದರಿಂದ ನಾನು ಇದನ್ನು ಸುಲಭದ ದಾರಿ ಎನ್ನಲಾರೆ.

ಹೊಗೆ ಹಾಕಿದರೆ ಹಾರಬಲ್ಲ ದೊಡ್ಡವು ಹಾರಿಹೋಗುತ್ತವೆ, ಹಾರಲಾರದ ಮರಿಗಳು ಅಟ್ಟದಲ್ಲೇ ಸಾಯುತ್ತವೆ. ನಾಲ್ಕು ಹೆಣಗಳ ನಾತ ಹೆರಿಗೆಯ ಮನೆಯಲ್ಲಿ ತುಂಬಿಕೊಂಡಾಗ ಈಗಿನ ಸದ್ದೇ ಹಿತವಾಗಿತ್ತು ಅನ್ನಿಸುತ್ತದೆ. ಹಳೆಯ ಒಣಮರದ ಮನೆಗೆ ಬೆಂಕಿ ತಗಲುವ ಭಯ ಬೇರೆ. ಕಂಡಿಯನ್ನು ಹಗಲಿನಲ್ಲಿ ಮುಚ್ಚಿದರೆ ತಾಯಿಯೂ ಒಳಗೇ ಸಿಕ್ಕಿಬೀಳುತ್ತದೆ, ರಾತ್ರಿ ಮುಚ್ಚಿದರೆ ಮರಿಗಳು ಉಪವಾಸ ಬೀಳುತ್ತವೆ. ಪಾಷಾಣದ ವಿಷಯ ಇನ್ನೂ ಕೆಟ್ಟದ್ದು. ಈಗ ಅಂಗಡಿಯಲ್ಲಿ ಸಿಗುವ ಬ್ರೋಮಾಡಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಒಳಗೊಳಗೇ ರಕ್ತ ಸೋರಿ ಮಂಕಾಗಿ ಕೆಲವು ದಿನ ಬಯಲಲ್ಲಿ ತೂರಾಡುತ್ತದೆ. ಅಂತಹ ಇಲಿಯೇ ಗೂಬೆಗೆ ಸುಲಭದ ತುತ್ತು, ಅದರೊಳಗಿನ ವಿಷ ಗೂಬೆಗೂ ಮರಿಗಳಿಗೂ ದಾಟುತ್ತದೆ. ಮನೆಯಲ್ಲೂ ಹಿತ್ತಿಲಲ್ಲೂ ಇಲಿ ಬಿಲ್ಲೆ ಇಟ್ಟಿದ್ದರೆ ಈ ಎರಡು ತಿಂಗಳ ಮಟ್ಟಿಗೆ ತೆಗೆದುಬಿಡಿ, ಬೋನು ಇಡಬಹುದು.

ಬೈಕಿನವನ ಬಗ್ಗೆ ಮಾತ್ರ ನಾನು ಗಡಸಾಗಿಯೇ ಬರೆಯಬೇಕಾಗಿದೆ. ನಿಮ್ಮ ಪತ್ರದಲ್ಲಿ ನಿಮ್ಮ ಮನೆಗೆ ಕೇಡು ತರಬಲ್ಲವನು ಯಾರಾದರೂ ಇದ್ದರೆ ಅವನೇ. ವಾಮಾಚಾರಕ್ಕೆಂದು ಗೂಬೆಗಳನ್ನು ಹಿಡಿದು ಮಾರುವ ಜಾಲವಿದೆ, ದೀಪಾವಳಿಯ ಸುತ್ತಮುತ್ತ ಅದರ ಬೇಡಿಕೆ ಏರುತ್ತದೆ. ಲಕ್ಷ್ಮಿಯ ವಾಹನವೆಂಬ ಭಕ್ತಿಯೇ ಕೆಲವೆಡೆ ಅದರ ಕೊರಳಿಗೆ ಬಂದಿದೆ. 2018ರಲ್ಲಿ ತೆಲಂಗಾಣದ ಚುನಾವಣೆಯ ಹೊತ್ತಿಗೆ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಗೂಬೆ ಸಾಗಿಸುತ್ತಿದ್ದವರು ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗೂಬೆಗಳಿಗೆ ರಕ್ಷಣೆಯಿದೆ. ಆ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಗೂಡನ್ನು ಕದಡುವುದೂ ಅದರೊಳಗೇ ಸೇರುತ್ತವೆ. ಹಿಡಿದುಕೊಟ್ಟರೆ ಅವನ ಜೊತೆ ನಿಮ್ಮ ಮಗನೂ ಆರೋಪಿಯಾಗುತ್ತಾನೆ. ಅವನು ಮತ್ತೆ ಬಂದರೆ ಜಗಳಕ್ಕೆ ಇಳಿಯಬೇಡಿ, ಬೈಕಿನ ನಂಬರ್ ಬರೆದಿಟ್ಟುಕೊಂಡು ಅದೇ 1926ಕ್ಕೆ ತಿಳಿಸಿ. ಅಟ್ಟದ ಸುದ್ದಿಯನ್ನು ಊರಿನಲ್ಲಿ ಇನ್ನಷ್ಟು ಹರಡದಿರುವುದೂ ಒಳ್ಳೆಯದು.

ನಿಮ್ಮ ಮಗ ಏಣಿ ಹತ್ತಿದ್ದು ಒಮ್ಮೆ ಸಾಕು. ಕಣಜ ಗೂಬೆ ಸಾಮಾನ್ಯವಾಗಿ ಎರಗುವುದಿಲ್ಲ, ಆದರೆ ಮರಿಗಳ ಬಳಿ ಮುಖ ಒಡ್ಡಿದವರ ಮೇಲೆ ಗೂಬೆ ಹೇಗೆ ಎರಗುತ್ತದೆಂದು ಯಾರಿಗೂ ಹೇಳಲಾಗದು. ಬ್ರಿಟನ್ನಿನ ಹೆಸರಾಂತ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಬೇರೊಂದು ಜಾತಿಯ ಗೂಬೆಯ ಗೂಡಿನ ಬಳಿ ತಮ್ಮ ಎಡಗಣ್ಣನ್ನೇ ಕಳೆದುಕೊಂಡರು. ಹಕ್ಕಿ ಬಂದ ಸದ್ದೂ ಅವರಿಗೆ ಕೇಳಿಸಿರಲಿಲ್ಲ. ಹಳೆಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಸಾಧ್ಯತೆ ಅದಕ್ಕಿಂತ ಹೆಚ್ಚು ಎಂಬುದನ್ನೂ ಸೇರಿಸಿಬಿಡುತ್ತೇನೆ.

ಹಾರಲು ಕಲಿಯುವ ದಿನಗಳಲ್ಲಿ ಮರಿಯೊಂದು ಅಂಗಳಕ್ಕೆ ಬೀಳಬಹುದು. ಗಾಯವಿಲ್ಲದಿದ್ದರೆ ದಪ್ಪ ಟವೆಲ್ಲಿನಲ್ಲಿ ಸುತ್ತಿ, ಉಗುರುಗಳು ಕೈಗೆ ನಾಟದಂತೆ ಕಾಲುಗಳನ್ನು ಟವೆಲ್ಲಿನ ಮೇಲಿನಿಂದಲೇ ಹಿಡಿದು, ಅದು ಬಂದ ಕಂಡಿಯ ಹತ್ತಿರ ಮರಳಿ ಬಿಡಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ರೆಕ್ಕೆ ಜೋತಿದ್ದರೆ ಅಥವಾ ರಕ್ತ ಕಂಡರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇರಿಸಿ, ಸಹಾಯವಾಣಿಗೆ ಕರೆ ಮಾಡಿ. ಹಾಲು, ಅನ್ನ, ಬ್ರೆಡ್ಡು ಯಾವುದನ್ನೂ ತಿನ್ನಿಸಬೇಡಿ, ಬಾಯಿಗೆ ನೀರು ಬಿಡಬೇಡಿ; ಅದು ಶ್ವಾಸನಾಳಕ್ಕೆ ಹೋಗಿ ಸತ್ತ ಮರಿಗಳನ್ನು ನನ್ನ ಬಳಿಗೆ ತಂದವರೆಲ್ಲ ಕರುಣೆಯಿಂದಲೇ ಕುಡಿಸಿದ್ದರು. ಹಗಲಿನಲ್ಲಿ ದೊಡ್ಡ ಹಕ್ಕಿ ಹೊರಗೆ ಕಾಣಿಸಿ ಕಾಗೆಗಳು ಮುತ್ತಿದರೆ ಅದಕ್ಕೆ ಕಣ್ಣು ಕಾಣುವುದಿಲ್ಲವೆಂದು ತಿಳಿಯಬೇಡಿ. ಗೂಬೆಗೆ ಹಗಲಲ್ಲೂ ಚೆನ್ನಾಗಿ ಕಾಣುತ್ತದೆ. ಕಾಗೆಗಳನ್ನು ಚದುರಿಸಿ ಸುಮ್ಮನೆ ಬಿಟ್ಟರೆ ಕತ್ತಲಾದ ಮೇಲೆ ತಾನೇ ಹೋಗುತ್ತದೆ.

ಸದ್ದು ನಿಂತು, ಹೊಸ ಉಂಡೆಗಳು ಬೀಳದೆ ಎರಡು ವಾರವಾದ ಮೇಲೆ ಅಟ್ಟವನ್ನು ಮುಟ್ಟಿ. ಕಂಡಿಯ ಬಳಿ ಸಂಜೆ ಕೂತು ಯಾವ ಹಕ್ಕಿಯೂ ಹೊರಡುತ್ತಿಲ್ಲವೆಂದು ಎರಡು ಮೂರು ದಿನ ನೋಡಿ, ಆಮೇಲೆ ನೀರು ಸಿಂಪಡಿಸಿ ಕಸ ತೆಗೆಸಿ ಜಾಲರಿ ಹೊಡೆಸಿ. ತಡಮಾಡಿದರೆ ಅದೇ ಜೋಡಿ ಮತ್ತೊಮ್ಮೆ ಮೊಟ್ಟೆಯಿಡಬಹುದು. ನಮ್ಮ ನಾಡಿನಲ್ಲಿ ಇವಕ್ಕೆ ಇಂತಹುದೇ ಋತುವೆಂಬುದಿಲ್ಲ. ಗದ್ದೆಗೆ ಗೂಬೆ ಬೇಕು, ಮನೆಗೆ ಬೇಡ ಎನ್ನುವುದಾದರೆ ಕೊಟ್ಟಿಗೆಯ ಗೋಡೆಗೋ ದೊಡ್ಡ ಮರಕ್ಕೋ ಹನ್ನೆರಡು ಹದಿನೈದು ಅಡಿ ಎತ್ತರದಲ್ಲಿ ಒಂದು ಮರದ ಪೆಟ್ಟಿಗೆ ಕಟ್ಟಿಸಿ. ಬಾಯಿ ಐದಾರು ಅಂಗುಲವಿರಲಿ, ಅದರಿಂದ ಕೆಳಕ್ಕೆ ಪೆಟ್ಟಿಗೆಯ ತಳ ಒಂದೂವರೆ ಅಡಿ ಆಳವಿರಲಿ. ಆಳ ಕಡಿಮೆಯಾದರೆ ಎಳೆಯ ಮರಿಗಳು ಹೊರಬೀಳುತ್ತವೆ. ಗೂಬೆ ಅಲ್ಲಿಗೆ ಬಂದೇ ಬರುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ, ವರ್ಷಗಟ್ಟಲೆ ಖಾಲಿ ಉಳಿದ ಪೆಟ್ಟಿಗೆಗಳೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೂ ಅತ್ತೆಯವರಿಗೆ ಸಮಾಧಾನವಾಗದೆ ಶಾಂತಿ ಮಾಡಿಸಲೇಬೇಕೆಂದರೆ ಮಾಡಿಸಿ, ಅದರಿಂದ ಹಕ್ಕಿಗೇನೂ ನಷ್ಟವಿಲ್ಲ. ಹೋಮವನ್ನು ಮಾತ್ರ ಒಳತೊಟ್ಟಿಯಲ್ಲಿ ಮಾಡದೆ, ಹೊಗೆ ಅಟ್ಟಕ್ಕೆ ಏರದಂತೆ ಹೊರಗಿನ ಅಂಗಳದಲ್ಲಿ ಮಾಡಿಸಿ.